ದೇವರ ಮುಂದೆ ದೂರುವುದೂ ಪ್ರಾರ್ಥನೆಯೇ

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ನಮ್ಮ ಎಷ್ಟೋ ಸಭೆಗಳಲ್ಲಿ ಶಿಲುಬೆಯ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಪ್ರಸಂಗ ಮಾಡುತ್ತಾರೆ. ಕ್ಷಮೆಯ ಮಾತು, ಪಕ್ಕದ ಕಳ್ಳನಿಗೆ ಹೇಳಿದ ಪರದೈಸಿನ ಮಾತು, ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ ಮಾತು, ಇವೆಲ್ಲ ಸಲೀಸಾಗಿ ಸಾಗುತ್ತವೆ. ನಾಲ್ಕನೆಯದು ಬಂದಾಗ ಪ್ರಸಂಗ ಮಾಡುವವರು ತಡವರಿಸುತ್ತಾರೆ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಎಂದು ಓದುತ್ತಾರೆ. ಎರಡು ನಿಮಿಷ ಆಗುವಷ್ಟರಲ್ಲಿ "ಆದರೆ ದೇವರು ಕೈಬಿಟ್ಟಿರಲಿಲ್ಲ, ಮೂರನೇ ದಿನ ಎಬ್ಬಿಸಿದರು" ಎಂಬಲ್ಲಿಗೆ ಬಂದುಬಿಡುತ್ತಾರೆ. ಅವರು ಹೇಳುವುದು ನಿಜವೇ. ಆ ಅವಸರ ಮಾತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಮಾರ್ಕ ಮತ್ತು ಮತ್ತಾಯ ಸುವಾರ್ತೆಗಳನ್ನು ತೆರೆದು ನೋಡಿ. ಯೇಸು ಸ್ವಾಮಿ ಶಿಲುಬೆಯ ಮೇಲಿಂದ ಆಡಿದ ಮಾತು ಅಂತ ಅಲ್ಲಿರುವುದು ಇದೊಂದೇ. ಉಳಿದ ಆರರಲ್ಲಿ ಮೂರು ಲೂಕನವು, ಮೂರು ಯೋಹಾನನವು. ಮಾರ್ಕ ಮತ್ತು ಮತ್ತಾಯರಲ್ಲಿ ಮಧ್ಯಾಹ್ನವೇ ಕತ್ತಲೆ ಕವಿಯುತ್ತದೆ. ಮೂರು ಗಂಟೆಯ ಹೊತ್ತಿಗೆ ಈ ಕೂಗು ಕೇಳುತ್ತದೆ. ಹತ್ತಿರ ನಿಂತವರು ಅದನ್ನೂ ಸರಿಯಾಗಿ ಕೇಳಿಸಿಕೊಳ್ಳದೆ, ಹಳೆಯ ಕಾಲದ ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಅನ್ನುತ್ತಾರೆ. ಆಮೇಲೆ ಇನ್ನೊಂದು ಗಟ್ಟಿ ಕೂಗು, ಅಷ್ಟೇ, ಪ್ರಾಣ ಹೋಗುತ್ತದೆ. ಮೇಲಿನಿಂದ ಉತ್ತರ ಬರುವುದಿಲ್ಲ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನವಾದಾಗ "ನೀನು ನನ್ನ ಪ್ರಿಯ ಮಗನು" ಎಂದ ದನಿ, ಬೆಟ್ಟದ ಮೇಲೆ ಮೂವರು ಶಿಷ್ಯರಿಗೂ ಕೇಳಿಸಿದ ದನಿ, ಮಗ ಅತಿ ಹೆಚ್ಚು ಬಯಸಿದ ಹೊತ್ತಿನಲ್ಲಿ ಕೇಳಿಸುವುದಿಲ್ಲ. ಸುವಾರ್ತೆ ಬರೆದವರಿಗೆ ಇದನ್ನು ಬಿಟ್ಟುಬಿಡುವುದು ಸುಲಭವಿತ್ತು. ತಮ್ಮ ಕರ್ತನು ಸಾಯುವಾಗ ಹೀಗೆ ಕೂಗಿದ ಅಂತ ಲೋಕದ ಮುಂದೆ ಹೇಳುವುದು ಆಗಿನ ಸಣ್ಣ ಸಭೆಗೆ ಹಗುರವಾದ ಕೆಲಸ ಆಗಿರಲಿಲ್ಲ. ಆದರೂ ಬರೆದರು. ಅವರಿಗೆ ನಾನು ಋಣಿ.

ಆ ಕೂಗು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿರುವ 22ನೇ ಕೀರ್ತನೆಯ ಮೊದಲ ಸಾಲು ಎಂಬುದು ನಿಮಗೆ ಗೊತ್ತೇ ಇದೆ. ಅದೇ ಕೀರ್ತನೆಯಲ್ಲಿ ನೋಡಿದವರೆಲ್ಲ ತಲೆಯಾಡಿಸಿ ಹಾಸ್ಯ ಮಾಡುತ್ತಾರೆ. "ದೇವರನ್ನು ನಂಬಿದ್ದನಲ್ಲಾ, ಆತನೇ ಬಿಡಿಸಲಿ" ಅನ್ನುತ್ತಾರೆ. ನಾಲಿಗೆ ಒಣಗಿ ಬಾಯಿಯ ಅಂಗಳಕ್ಕೆ ಅಂಟಿಕೊಳ್ಳುತ್ತದೆ. ಬಟ್ಟೆಗೆ ಚೀಟು ಹಾಕುತ್ತಾರೆ. 22ನೇ ವಚನದ ಹೊತ್ತಿಗೆ ಅಳು ಸ್ತುತಿಗೆ ತಿರುಗುತ್ತದೆ. ಅದಕ್ಕೇ ಕೆಲವರು, ಯೇಸು ಮೊದಲ ಸಾಲು ಹೇಳಿದರೂ ಮನಸ್ಸಿನಲ್ಲಿದ್ದದ್ದು ಕೊನೆಯ ಸ್ತುತಿಯೇ ಅನ್ನುತ್ತಾರೆ. ಇಡೀ ಕೀರ್ತನೆ ಅವರ ಮನಸ್ಸಿನಲ್ಲಿ ಇದ್ದಿರಲೇಬೇಕು, ಚಿಕ್ಕಂದಿನಿಂದ ಸಭಾಮಂದಿರದಲ್ಲಿ ಕೇಳಿ ಬೆಳೆದವರು. ಆದರೆ ಅವರು ಬಾಯಿಬಿಟ್ಟು ಕೂಗಿದ್ದು ಕೊನೆಯ ಸಾಲನ್ನಲ್ಲ. ಅವರು ಎಲ್ಲಿ ನಿಂತು ಕೂಗಿದರೋ ಅಲ್ಲಿ ಸ್ವಲ್ಪ ಹೊತ್ತು ನಾವೂ ನಿಲ್ಲಬೇಕು ಅನ್ನಿಸುತ್ತದೆ ನನಗೆ. ಆ ಕೀರ್ತನೆಯಲ್ಲೇ 24ನೇ ವಚನ, ನೊಂದವನ ನೋವನ್ನು ದೇವರು ಹೇಸಲಿಲ್ಲ, ಮುಖ ಮರೆಮಾಡಲಿಲ್ಲ, ಮೊರೆ ಕೇಳಿದರು ಅನ್ನುತ್ತದೆ. ಕೇಳಬೇಕಾದರೆ ಮೊದಲು ಮೊರೆ ಹೊರಬರಬೇಕಲ್ವಾ.

150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಇಂಥ ಅಳಲಿನ ಕೀರ್ತನೆಗಳೇ ಇವೆ. ನಮ್ಮ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ ಅವು ಕಾಣುವುದಿಲ್ಲ. ಅಲ್ಲೆಲ್ಲ 23 ಇರುತ್ತದೆ, 121 ಇರುತ್ತದೆ, 128 ಇರುತ್ತದೆ. ಅವೂ ಬೇಕು. ಆದರೆ 13ನೇ ಕೀರ್ತನೆಯಲ್ಲಿ ಎರಡೇ ವಚನದೊಳಗೆ ನಾಲ್ಕು ಸಲ "ಇನ್ನೆಷ್ಟರ ತನಕ?" ಎಂಬ ಪ್ರಶ್ನೆ ಬರುತ್ತದೆ. 6ರಲ್ಲಿ ಒಬ್ಬ ರಾತ್ರಿಯೆಲ್ಲಾ ಅತ್ತು ಹಾಸಿಗೆಯನ್ನು ನೆನೆಸುತ್ತಾನೆ. 73ರಲ್ಲಿ ಆಸಾಫ, ಕೆಟ್ಟವರು ಕೊಬ್ಬಿ ಸುಖವಾಗಿರುವಾಗ ನಾನು ಮನಸ್ಸು ಶುದ್ಧ ಇಟ್ಟುಕೊಂಡದ್ದು ವ್ಯರ್ಥವೇ ಅಂತ ನೇರವಾಗಿ ಕೇಳುತ್ತಾನೆ. ದೇವರೊಡನೆ ಜಗಳವಾಡುವುದು ಕನ್ನಡದ ಭಕ್ತಿಗೂ ಹೊಸದಲ್ಲ, ದಾಸರ ನಿಂದಾಸ್ತುತಿಗಳು ನಮಗೆ ಕೇಳಿ ಗೊತ್ತಿರುವವೇ. ಆದರೂ ಚರ್ಚಿನ ಬಾಗಿಲು ದಾಟಿದ ಕೂಡಲೇ ನಾವು ಯಾಕೋ ಬಹಳ ಮರ್ಯಾದಸ್ಥರಾಗಿಬಿಡುತ್ತೇವೆ.

88ನೇ ಕೀರ್ತನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಳಲಿನ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತಿರುಗುತ್ತವೆ, "ಆದರೂ ನಿನ್ನನ್ನು ನಂಬಿದ್ದೇನೆ" ಎಂಬಲ್ಲಿಗೆ ಬರುತ್ತವೆ. 88 ತಿರುಗುವುದಿಲ್ಲ. ಅದು ಎಜ್ರಾಹ್ಯನಾದ ಹೇಮಾನನ ಹೆಸರಿನಲ್ಲಿದೆ. "ನನ್ನ ರಕ್ಷಣೆಯ ದೇವರೇ" ಎಂದು ಶುರುವಾಗುತ್ತದೆ. ಆಮೇಲೆ ಪೂರ್ತಿ ಗುಂಡಿ, ಅಲೆ, ಕತ್ತಲೆ. ಚಿಕ್ಕಂದಿನಿಂದ ನರಳುತ್ತಿದ್ದೇನೆ ಅನ್ನುತ್ತಾನೆ. ನನ್ನ ಗೆಳೆಯರನ್ನು ದೂರಮಾಡಿದ್ದು ನೀನೇ ಅನ್ನುತ್ತಾನೆ. ಕೊನೆಗೆ ಕತ್ತಲೆಯಲ್ಲೇ ನಿಂತುಹೋಗುತ್ತದೆ. ಅದರ ತಲೆಬರಹದಲ್ಲಿ ಅದು ಪ್ರಧಾನ ಗಾಯಕನಿಗೆ ಸೇರಿದ್ದು ಅಂತ ಇದೆ. ಅಂದರೆ ಒಬ್ಬ ಮನುಷ್ಯ ಮೂಲೆಯಲ್ಲಿ ಕೂತು ಅತ್ತದ್ದನ್ನು ದೇವಾಲಯದ ಗಾಯಕರು ಜನರ ಮುಂದೆ ಹಾಡಿದರು. ಯಾರೂ ಅದಕ್ಕೆ ಸಂತೋಷದ ಕೊನೆ ಜೋಡಿಸಲಿಲ್ಲ. ಅವನ ನಂಬಿಕೆಯನ್ನು ಅಳೆಯಲೂ ಇಲ್ಲ. ದಿನವೂ ಬೆಳಗ್ಗೆ ಅವನ ಪ್ರಾರ್ಥನೆ ದೇವರ ಎದುರಿಗೆ ಬರುತ್ತದೆ, ಉತ್ತರ ಸಿಗದಿದ್ದರೂ ಅವನು ಬೇರೆ ಬಾಗಿಲಿಗೆ ಹೋಗಲಿಲ್ಲ. ಇದಕ್ಕಿಂತ ಗಟ್ಟಿ ನಂಬಿಕೆ ಯಾವುದು?

ಸುವಾರ್ತೆಗಳನ್ನು ಈ ಕೀರ್ತನೆಗಳ ಪಕ್ಕದಲ್ಲಿಟ್ಟು ಓದಿದರೆ ಎಷ್ಟೋ ಕಥೆಗಳು ಬೇರೆಯಾಗಿ ಕಾಣುತ್ತವೆ. 121ನೇ ಕೀರ್ತನೆ, ಇಸ್ರಾಯೇಲನ್ನು ಕಾಯುವಾತ ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅನ್ನುತ್ತದೆ. ಅದೇ ಪುಸ್ತಕದ 44ನೇ ಕೀರ್ತನೆ "ಕರ್ತನೇ, ಎದ್ದೇಳು, ಯಾಕೆ ನಿದ್ರಿಸುತ್ತೀ?" ಅಂತ ಕೂಗುತ್ತದೆ. ಎರಡೂ ಒಂದೇ ಪುಸ್ತಕದಲ್ಲಿವೆ, ಯಾರೂ ಒಂದನ್ನು ಹರಿದು ಹಾಕಲಿಲ್ಲ. ಈಗ ಮಾರ್ಕನ 4ನೇ ಅಧ್ಯಾಯಕ್ಕೆ ಬನ್ನಿ. ಗಲಿಲಾಯ ಸರೋವರದಲ್ಲಿ ಬಿರುಗಾಳಿ, ದೋಣಿಗೆ ನೀರು ತುಂಬುತ್ತಿದೆ. ಯೇಸು ಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿಜವಾಗಿಯೂ ನಿದ್ದೆ ಮಾಡುತ್ತಿದ್ದಾರೆ. ಶಿಷ್ಯರು ಎಬ್ಬಿಸಿ ಕೇಳುವ ಪ್ರಶ್ನೆ ಒರಟಾಗಿದೆ: "ಗುರುವೇ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ?" ಮಾರ್ಕನ ಪ್ರಕಾರ ಅವರು ಮೊದಲು ಎದ್ದು ಗಾಳಿಯನ್ನು ಗದರಿಸುತ್ತಾರೆ, ಸರೋವರ ಶಾಂತವಾಗುತ್ತದೆ. ಯಾಕೆ ಹೆದರುತ್ತೀರಿ, ಇನ್ನೂ ನಂಬಿಕೆಯಿಲ್ಲವೇ ಎಂಬ ಮಾತು ಆಮೇಲೆ ಬರುತ್ತದೆ. ಮತ್ತಾಯನಲ್ಲಿ ಈ ಕ್ರಮ ಉಲ್ಟಾ ಇದೆ. ನನಗೆ ಮಾರ್ಕನ ಕ್ರಮ ಹೆಚ್ಚು ಹತ್ತಿರ. ನಂಬಿಕೆಯ ಪಾಠ ಮುಗಿದ ಮೇಲೆ ಸಹಾಯ ಅಂತ ಅಲ್ಲಿಲ್ಲ. ಹೆದರಿದವರ ಒರಟು ಕೂಗೇ ಅವರನ್ನು ಎಬ್ಬಿಸಲು ಸಾಕಾಯಿತು.

ಬೇಥಾನ್ಯದಲ್ಲಿ ಲಾಜರನ ಮನೆಯಲ್ಲೂ ಹಾಗೆಯೇ. ಕಾಯಿಲೆಯ ಸುದ್ದಿ ತಲುಪಿದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ನಿಂತರು. ಅವರು ಬರುವಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿತ್ತು. ಮೊದಲು ಮಾರ್ಥ ಬಂದು, "ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ" ಅಂದಳು. ಆಮೇಲೆ ಮರಿಯ ಬಂದು ಅದೇ ಮಾತು ಹೇಳಿದಳು. ಆ ನಾಲ್ಕು ದಿನ ಅಕ್ಕತಂಗಿ ಇದನ್ನೇ ಮತ್ತೆ ಮತ್ತೆ ಮಾತಾಡಿಕೊಂಡಿರಬೇಕು. ಸಾವಿನ ಮನೆ ಕಂಡವರಿಗೆ ಇದು ಗೊತ್ತು: ಆ ಆಸ್ಪತ್ರೆಗೆ ಒಂದು ದಿನ ಮೊದಲೇ ಹೋಗಿದ್ದರೆ, ಅವತ್ತು ಮನೆಯಲ್ಲಿ ಯಾರಾದರೂ ಇದ್ದಿದ್ದರೆ. ಈ "ಇದ್ದಿದ್ದರೆ"ಗಳಿಗೆ ಕೊನೆಯಿಲ್ಲ. ಮಾರ್ಥಳ ಹತ್ತಿರ ಯೇಸು ಪುನರುತ್ಥಾನದ ಮಾತಾಡಿದರು. ಮರಿಯಳ ಹತ್ತಿರ ಅದನ್ನೂ ಆಡಲಿಲ್ಲ. ಅವಳೂ ಅವಳ ಜೊತೆ ಬಂದವರೂ ಅಳುವುದನ್ನು ನೋಡಿ ತಾವೂ ಅತ್ತರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದವರು ಅತ್ತರು! ಸುವಾರ್ತೆಗಳಲ್ಲಿ ನಾನು ಅತಿ ಹೆಚ್ಚು ಪ್ರೀತಿಸುವ ಸಾಲು ಅದು.

ಇನ್ನು 91ನೇ ಕೀರ್ತನೆ. ಕೊರೊನಾ ಕಾಲದಲ್ಲಿ ಇದು ಎಲ್ಲರ ವಾಟ್ಸಾಪಿನಲ್ಲೂ ಇತ್ತು. ಕತ್ತಲೆಯಲ್ಲಿ ಸಂಚರಿಸುವ ವ್ಯಾಧಿಗೆ ಹೆದರಬೇಡ, ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನ್ನನ್ನು ಮುಟ್ಟದು, ಯಾವ ಕೇಡೂ ನಿನ್ನ ಗುಡಾರದ ಹತ್ತಿರ ಬರದು. ನನ್ನ ಚಿಕ್ಕಮ್ಮ ಇದನ್ನು ಕೈಯಾರೆ ಬರೆದು ಬಾಗಿಲಿಗೆ ಅಂಟಿಸಿದ್ದರು. 2021ರ ಎರಡನೇ ಅಲೆಯಲ್ಲಿ ಚಿಕ್ಕಪ್ಪ ಹೋದರು. ಮಣ್ಣು ಮಾಡುವಾಗ ಹತ್ತಿರ ಹೋಗಲಿಕ್ಕೂ ಬಿಡಲಿಲ್ಲ. ಕೆಲವು ವಾರ ಕಳೆದ ಮೇಲೆ ಮಾತಾಡಿಸಲು ಬಂದವರೊಬ್ಬರು, "ಎಲ್ಲೋ ನಂಬಿಕೆ ಕಡಿಮೆಯಾಗಿರಬೇಕು, ಇಲ್ಲದಿದ್ದರೆ ವಾಗ್ದಾನ ಸುಳ್ಳಾಗುತ್ತಿತ್ತಾ?" ಅಂದರು. ಚಿಕ್ಕಮ್ಮ ಅದಕ್ಕೆ ಏನೂ ಹೇಳಲಿಲ್ಲ. ಬಹಳ ದಿನ ಬೈಬಲ್ ಮುಟ್ಟಲೂ ಇಲ್ಲ.

ಆ ಮಾತು ಎಷ್ಟು ತಪ್ಪು ಎಂದು ತಿಳಿಯಲು ಸುವಾರ್ತೆಯನ್ನೇ ಓದಬೇಕು. ನಾಲ್ಕೂ ಸುವಾರ್ತೆಗಳಲ್ಲಿ 91ನೇ ಕೀರ್ತನೆಯನ್ನು ಬಾಯಿಪಾಠ ಹೇಳುವುದು ಒಬ್ಬನೇ, ಸೈತಾನ. ದೇವಾಲಯದ ತುದಿಯ ಮೇಲೆ ಯೇಸುವನ್ನು ನಿಲ್ಲಿಸಿ, "ಕೆಳಗೆ ಹಾರು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು ಬರೆದಿದೆಯಲ್ಲಾ" ಅನ್ನುತ್ತಾನೆ. ಆ ಕಾಲದವರಿಗೆ ಇದು ಇನ್ನೂ ಜಾಸ್ತಿ ಚುಚ್ಚಿರಬೇಕು. ಯಾಕೆಂದರೆ 91 ದೆವ್ವಗಳನ್ನು ಓಡಿಸುವ ಕೀರ್ತನೆಯಾಗಿ ಬಳಕೆಯಲ್ಲಿತ್ತು. ಮೃತ ಸಮುದ್ರದ ಹತ್ತಿರ ಕುಮ್ರಾನಿನಲ್ಲಿ 1956ರಲ್ಲಿ ಸಿಕ್ಕಿದ 11ನೇ ಗುಹೆಯ ಸುರುಳಿಗಳಲ್ಲಿ ಒಂದರಲ್ಲಿ, ದುಷ್ಟಶಕ್ತಿಗಳನ್ನು ಓಡಿಸುವ ಹಾಡುಗಳ ಜೊತೆಯಲ್ಲೇ ಈ ಕೀರ್ತನೆ ಇದೆ. ತನ್ನನ್ನು ಓಡಿಸುವ ಕೀರ್ತನೆಯನ್ನೇ ಸೈತಾನ ಹಿಡಿದುಕೊಂಡು ಬಂದ! ಯೇಸು ಆ ಕೀರ್ತನೆಯನ್ನು ತಳ್ಳಿಹಾಕಲಿಲ್ಲ. "ನಿನ್ನ ದೇವರನ್ನು ಪರೀಕ್ಷಿಸಬಾರದು" ಎಂಬ ಧರ್ಮೋಪದೇಶಕಾಂಡದ ಮಾತನ್ನು ಅದರ ಎದುರಿಗಿಟ್ಟರು. ಮುಂದೆ ಅವರ ಕಾಲು ಕಲ್ಲಿಗೆ ತಗಲುವುದಿರಲಿ, ಮೊಳೆಯೇ ಬಿತ್ತು. ಅವರ ನಂಬಿಕೆ ಕಡಿಮೆಯಾಗಿತ್ತೆಂದು ಯಾರಾದರೂ ಹೇಳುತ್ತಾರಾ? ಸೈತಾನ ಹೇಳದೆ ಬಿಟ್ಟ 15ನೇ ವಚನದಲ್ಲಿ ದೇವರು, ಇಕ್ಕಟ್ಟಿನಲ್ಲಿ ನಾನು ಅವನ ಸಂಗಡ ಇರುತ್ತೇನೆ ಅನ್ನುತ್ತಾರೆ. ಅಂದರೆ ಈ ಕೀರ್ತನೆಯನ್ನು ಹೇಳಿಕೊಳ್ಳುವವರಿಗೂ ಇಕ್ಕಟ್ಟು ಬರುತ್ತದೆ ಅಂತ ಕೀರ್ತನೆಗೇ ಗೊತ್ತು. ಚಿಕ್ಕಮ್ಮನಿಗೆ ಯಾರಾದರೂ ಆ ವಚನ ತೋರಿಸಬೇಕಿತ್ತು. ಅದೂ ಮೊದಲ ವಾರ ಬೇಡ. ಮೊದಲ ವಾರ ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಇದನ್ನೆಲ್ಲ ಹೇಳಿದರೆ ಕೆಲವರು ಕೇಳುವುದುಂಟು: ಹಾಗಾದರೆ ಸ್ತೋತ್ರ, ಕೃತಜ್ಞತೆ ಬೇಡವಾ? ಬೇಕು. ಕೀರ್ತನೆಗಳ ಪುಸ್ತಕ ಮುಗಿಯುವುದೇ ಐದು ಹಲ್ಲೆಲೂಯ ಕೀರ್ತನೆಗಳಿಂದ. ಯೇಸು ಸ್ವಾಮಿ ಕೊನೆಯ ಊಟ ಮುಗಿಸಿ ಶಿಷ್ಯರ ಜೊತೆ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಪಸ್ಕದ ಊಟದಲ್ಲಿ ಯೆಹೂದ್ಯರು ಹಾಡುವುದು 113ರಿಂದ 118ರ ತನಕದ ಸ್ತುತಿ ಕೀರ್ತನೆಗಳು. ಅವರು ಅವನ್ನೇ ಹಾಡಿದ್ದರೆ, "ಇದು ಯೆಹೋವನು ಮಾಡಿದ ದಿನ, ಇದರಲ್ಲಿ ಸಂತೋಷಪಡೋಣ" ಎಂಬ ಮಾತು ಸೆರೆಯಾಗುವ ರಾತ್ರಿ ಅವರ ಬಾಯಲ್ಲಿತ್ತು. ಅದೇ ರಾತ್ರಿ ಗೆತ್ಸೇಮನೆಯಲ್ಲಿ ಅವರು "ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ" ಅಂದರು. ಹಾಡಿದ ಬಾಯಿಂದಲೇ ಈ ಮಾತೂ ಬಂತು.

ಆದರೆ ಕೃತಜ್ಞತೆಯನ್ನೇ ದೊಡ್ಡ ಗುಣ ಮಾಡಿ, ಮೊರೆಯನ್ನು ಸಣ್ಣದು ಮಾಡುವವರು ಲೂಕನ 18ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಅದರಲ್ಲಿ ಮೊದಲು ನ್ಯಾಯಾಧಿಪತಿಗೆ ಬೇಸರ ಬರುವ ತನಕ ಕಾಡುವ ವಿಧವೆಯ ಕಥೆ ಇದೆ. ಯಾವಾಗಲೂ ಬೇಸರಗೊಳ್ಳದೆ ಪ್ರಾರ್ಥಿಸಬೇಕು ಎಂಬುದಕ್ಕೆ ಯೇಸು ಕೊಟ್ಟ ಮಾದರಿ ಅವಳು. ಅವಳ ಬಾಯಲ್ಲಿ ಸ್ತೋತ್ರವಿಲ್ಲ, "ನನಗೆ ನ್ಯಾಯ ಕೊಡು" ಎಂಬ ಒಂದೇ ಮಾತು. ಆಮೇಲೆ ದೇವಾಲಯಕ್ಕೆ ಹೋದ ಇಬ್ಬರ ಕಥೆ. ಒಬ್ಬ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ, ಅವನ ಪ್ರಾರ್ಥನೆ ಶುರುವಾಗುವುದೇ "ದೇವರೇ, ನಿನಗೆ ಸ್ತೋತ್ರ ಮಾಡುತ್ತೇನೆ" ಅಂತ. ಸುಂಕದವನು ದೂರ ನಿಂತು ಎದೆ ಬಡಿದುಕೊಂಡು ಕರುಣಿಸು ಅನ್ನುತ್ತಾನೆ. ನೀತಿವಂತನೆಂದು ಎಣಿಸಿಕೊಂಡು ಮನೆಗೆ ಹೋದವನು ಎದೆ ಬಡಿದುಕೊಂಡವನೇ. ಫರಿಸಾಯ ಉಪವಾಸ ಮಾಡಿದ್ದೂ ನಿಜ, ದಶಮಾಂಶ ಕೊಟ್ಟದ್ದೂ ನಿಜ. ಆದರೆ ಅವನ ಸ್ತೋತ್ರದಲ್ಲಿ ದೇವರಿಂದ ಬೇಕಾದದ್ದು ಏನೂ ಉಳಿದಿರಲಿಲ್ಲ.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಇರುತ್ತದಲ್ಲಾ, ಅಲ್ಲಿ ಎದ್ದು ನಿಲ್ಲುವವರು ಯಾರು? ಕೆಲಸ ಸಿಕ್ಕಿದವರು, ಆಪರೇಷನ್ ಚೆನ್ನಾಗಿ ಆದವರು, ಮಗಳ ಮದುವೆ ಕೂಡಿಬಂದವರು. ಅವರ ಸಂತೋಷ ನಮ್ಮೆಲ್ಲರ ಸಂತೋಷ. ಆದರೆ ಮಕ್ಕಳಾಗದೆ ಎಷ್ಟೋ ವರ್ಷದಿಂದ ಕೇಳುತ್ತಿರುವ ಹೆಂಗಸು, ಕುಡಿತದ ಗಂಡನಿಗಾಗಿ ಪ್ರಾರ್ಥಿಸಿ ಸೋತವಳು, ಡಿಪ್ರೆಶನ್ ಮಾತ್ರೆ ನುಂಗುತ್ತಾ ಹಿಂದಿನ ಬೆಂಚಿನಲ್ಲಿ ಕೂತಿರುವ ಹುಡುಗ, ಇವರಿಗೆ ಅಲ್ಲಿ ಹೇಳಲು ಏನೂ ಇಲ್ಲ ಅಂತ ನಾವೇ ತೀರ್ಮಾನ ಮಾಡಿದ್ದೇವೆ. ಹೇಮಾನ ಇಂದು ನಮ್ಮ ಕೂಟಕ್ಕೆ ಬಂದರೆ ಅವನಿಗೆ ಮೈಕ್ ಕೊಡುತ್ತೇವಾ? "ಇನ್ನೂ ಉತ್ತರ ಬಂದಿಲ್ಲ, ಆದರೂ ಕೇಳುತ್ತಲೇ ಇದ್ದೇನೆ" ಎಂಬುದೂ ಸಾಕ್ಷಿಯೇ. ಅದಕ್ಕೆ ನಾವು ಆಮೆನ್ ಅನ್ನಬೇಕು. ಕೂಡಲೇ ಬುದ್ಧಿಮಾತು ಹೇಳಲು ಹೊರಡಬಾರದು.

ಇಲ್ಲಿ ಒಂದು ಕಷ್ಟದ ವಿಷಯ ಇದೆ, ಅದನ್ನು ಬಿಟ್ಟು ಹೋಗಲಾರೆ. ಕೀರ್ತನೆಗಳಲ್ಲಿ ಅಳುವಿನ ಜೊತೆ ಶಾಪವೂ ಇದೆ. 137ನೇ ಕೀರ್ತನೆ ಬಾಬೆಲಿನ ನದಿಗಳ ಬಳಿ ಕೂತು ಅತ್ತವರದ್ದು, ಅದು ಶತ್ರುಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿನಲ್ಲಿ ಮುಗಿಯುತ್ತದೆ. ಸಭೆಯಲ್ಲಿ ಓದುವಾಗ ಆ ವಚನ ಬಿಡುತ್ತೇವೆ. ನನಗೆ 69ನೇ ಕೀರ್ತನೆ ಇದರಲ್ಲಿ ದಾರಿ ತೋರಿಸಿತು. ಅದರಲ್ಲಿ ಒಬ್ಬ ನೊಂದವನು, ಬಾಯಾರಿದಾಗ ನನಗೆ ಹುಳಿರಸ ಕೊಟ್ಟರು ಎಂದು ಗೋಳಾಡುತ್ತಾನೆ. ಅದರ ಮುಂದಿನ ವಚನದಿಂದಲೇ ಶಾಪ ಶುರು: ಅವರ ಊಟವೇ ಅವರಿಗೆ ಉರುಲಾಗಲಿ, ಅವರ ಕಣ್ಣು ಕತ್ತಲಾಗಲಿ, ಜೀವಿತರ ಪಟ್ಟಿಯಿಂದ ಅವರ ಹೆಸರು ಅಳಿಸಿಹೋಗಲಿ. ಶಿಲುಬೆಗೇರಿಸಿದ ಗೊಲ್ಗೊಥಾದಲ್ಲಿ ಯೇಸುವಿಗೂ ಹುಳಿರಸ ಕೊಟ್ಟರು. ಆ ಕೀರ್ತನೆಯ ನೋವೆಲ್ಲ ಅವರ ಮೈಮೇಲೆ ಬಂತು. ಶಾಪ ಬರಬೇಕಾದ ಜಾಗದಲ್ಲಿ ಮಾತ್ರ "ತಂದೆಯೇ, ಅವರಿಗೆ ಕ್ಷಮಿಸು" ಎಂಬ ಮಾತು ಬಂತು. ಹಾಗಂತ ಶಾಪ ಹಾಕಿದ ಕೀರ್ತನೆಗಾರನನ್ನು ನಾನು ಕೀಳಾಗಿ ನೋಡಲಾರೆ. ಅವನು ತನ್ನ ಸಿಟ್ಟನ್ನೆಲ್ಲ ದೇವರ ಮುಂದೆ ಸುರಿದ, ಕತ್ತಿ ಹಿಡಿದು ಹೊರಡಲಿಲ್ಲ. ಗಾಯವಾದವನಿಗೆ ಮೊದಲ ದಿನವೇ ಕ್ಷಮಿಸು ಎಂದು ಹೇಳುವವರು, ಕ್ಷಮಿಸಿದಾತನೂ ಅದೇ ಶಿಲುಬೆಯ ಮೇಲೆ ಯಾಕೆ ಎಂದು ಕೂಗಿದ್ದನ್ನು ಮರೆಯಬಾರದು.

ಎಮ್ಮಾಹುವಿನ ದಾರಿಯ ಕಥೆಯಲ್ಲಿ ಇದೆಲ್ಲ ಒಟ್ಟಿಗೆ ಸಿಗುತ್ತದೆ. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಹಳ್ಳಿ. ಇಬ್ಬರು ಮುಖ ಸಪ್ಪೆ ಮಾಡಿಕೊಂಡು ನಡೆಯುತ್ತಿದ್ದಾರೆ. ಎದ್ದು ಬಂದ ಯೇಸು ಅವರ ಜೊತೆ ಸೇರಿಕೊಂಡು, ಏನು ಮಾತಾಡುತ್ತಿದ್ದೀರಿ ಅಂತ ಕೇಳುತ್ತಾರೆ. ಕ್ಲೆಯೊಪ ಎಂಬವನು, ಇಲ್ಲಿ ನಡೆದದ್ದು ನಿನಗೊಬ್ಬನಿಗೇ ಗೊತ್ತಿಲ್ಲವೇ ಅನ್ನುತ್ತಾನೆ. ಅದಕ್ಕೆ ಯೇಸು, "ಏನು ನಡೆಯಿತು?" ಅನ್ನುತ್ತಾರೆ. ಎಲ್ಲ ಗೊತ್ತಿದ್ದವರು ಅವರೊಬ್ಬರೇ! ಆದರೂ ಆ ಇಬ್ಬರಿಂದಲೇ ಹೇಳಿಸುತ್ತಾರೆ. ಆತನೇ ಇಸ್ರಾಯೇಲನ್ನು ಬಿಡಿಸುವವನೆಂದು ನಂಬಿಕೊಂಡಿದ್ದೆವು ಎಂಬ ಸೋತ ಮಾತು ಪೂರ್ತಿ ಹೊರಬರುವ ತನಕ ಕಾಯುತ್ತಾರೆ. ಆಮೇಲೆ ಗದರಿದ್ದೂ ಉಂಟು, ಗ್ರಂಥ ಬಿಡಿಸಿ ಹೇಳಿದ್ದೂ ಉಂಟು. ಅದೇ ದಿನ ರಾತ್ರಿ ಯೆರೂಸಲೇಮಿನಲ್ಲಿ ಶಿಷ್ಯರಿಗೆ, ಮೋಶೆಯ ಧರ್ಮಶಾಸ್ತ್ರದಲ್ಲೂ ಪ್ರವಾದಿಗಳಲ್ಲೂ ಕೀರ್ತನೆಗಳಲ್ಲೂ ನನ್ನ ವಿಷಯ ಬರೆದಿದೆ ಅಂದರು. ಆ ಕೀರ್ತನೆಗಳಲ್ಲಿ 22 ಇದೆ, 69 ಇದೆ, 88ನ್ನೂ ನಾನು ಹೊರಗಿಡಲಾರೆ.

ಆದ್ದರಿಂದ ಪ್ರಾರ್ಥಿಸಲು ಮಾತೇ ಬರುತ್ತಿಲ್ಲ ಅನ್ನುವವರಿಗೆ ನನ್ನದೊಂದು ವಿನಂತಿ. ಹೊಸ ಮಾತು ಹುಡುಕಬೇಡಿ, ಇವನ್ನೇ ಗಟ್ಟಿಯಾಗಿ ಓದಿ. ನಂಬಿದ ಗೆಳೆಯನೇ ಮೋಸ ಮಾಡಿದ್ದರೆ 55. ಒಳ್ಳೆಯವರಾಗಿದ್ದೂ ಏನು ಸಿಕ್ಕಿತು ಅನ್ನಿಸಿದಾಗ 73. ಮನಸ್ಸು ಕುಗ್ಗಿ ಏಳಲಾಗದ ದಿನ 42 ಮತ್ತು 43, ಎರಡನ್ನೂ ಕೂಡಿಸಿ. ಯಾವುದೂ ಹಿಡಿಸದ ದಿನ 88. ಇಷ್ಟವಿಲ್ಲದ ವಚನಗಳನ್ನು ಹಾರಿಸಬೇಡಿ. ಕೊನೆಯ ಸ್ತುತಿಯ ಸಾಲು ಬಾಯಿಂದ ಬರದಿದ್ದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ವಯಸ್ಸಾದವರಿಗೆ 71. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಶಕ್ತಿ ಕುಂದಿದಾಗ ಕೈಬಿಡಬೇಡ ಎಂದು ಅದು ಬೇಡುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು, ಒಬ್ಬರೇ ಮನೆಯಲ್ಲಿರುವ ಅಜ್ಜ ಅಜ್ಜಿಯರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರನ್ನು ನೋಡಲು ಹೋದಾಗ ಇದನ್ನು ಓದಿ. ಓದುವಾಗ ಅವರು ನಡುವೆ ತಡೆದು ಮಗನ ವಿಷಯವನ್ನೋ ಮೊಣಕಾಲಿನ ನೋವನ್ನೋ ಹೇಳಲು ಶುರು ಮಾಡಬಹುದು. ಬೈಬಲ್ ಮಡಚಿಟ್ಟು ಕೇಳಿಸಿಕೊಳ್ಳಿ. ಕೀರ್ತನೆ ಅವತ್ತು ಮುಗಿಯದಿದ್ದರೆ ಮುಂದಿನ ವಾರ ಮತ್ತೆ ಹೋಗಿ.